ನೆಲದೊಳಗಿಂದ ಬರುವ ಕಡಲು

ಪೆಸಿಫಿಕ್ ಸಾಗರದಲ್ಲಿ ಸಮಭಾಜಕ ವೃತ್ತಕ್ಕೆ ತುಸು ದಕ್ಷಿಣದಲ್ಲಿರುವ ತುವಾಲು ದೇಶದ ಒಟ್ಟು ನೆಲ ಸುಮಾರು 26 ಚದರ ಕಿಲೋಮೀಟರ್; ಅದೂ ಒಂಬತ್ತು ಹವಳದ್ವೀಪಗಳಲ್ಲಿ ಹಂಚಿಹೋಗಿದೆ. ಅಲ್ಲಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರ್ ದಾಟದು. ಇಂಥ ದೇಶವೆಂದರೆ ಅಲೆಗಳು ದಡ ನುಂಗುವ ಚಿತ್ರವೇ ನಮಗೆ ಹೊಳೆಯುತ್ತದೆ. ಆದರೆ ವರ್ಷದ ಮೊದಲ ತಿಂಗಳುಗಳ ದೊಡ್ಡ ಉಬ್ಬರದ ದಿನಗಳಲ್ಲಿ ರಾಜಧಾನಿ ಫುನಾಫುಟಿಯ ನಡುಭಾಗದ ತಗ್ಗುಗಳಲ್ಲಿ ಉಪ್ಪುನೀರು ನೆಲದ ರಂಧ್ರಗಳಿಂದ ಗುಳ್ಳೆಯೇಳುತ್ತ ಉಕ್ಕಿಬರುತ್ತದೆ. ದಡದಲ್ಲಿ ಎಷ್ಟೇ ಗಟ್ಟಿ ಗೋಡೆ ಕಟ್ಟಿದರೂ ಆ ನೀರನ್ನು ತಡೆಯಲಾಗದು.

ಕಾರಣ ನೆಲದಡಿಯಲ್ಲಿದೆ. ಮುಳುಗುತ್ತಿರುವ ಜ್ವಾಲಾಮುಖಿಯ ಅಂಚಿನಲ್ಲಿ ಹವಳ ಮೇಲಮೇಲಕ್ಕೆ ಬೆಳೆದು ಉಂಗುರದಂಥ ದ್ವೀಪಗಳಾದವು ಎಂಬ ಡಾರ್ವಿನ್ನನ ಊಹೆಯನ್ನು ಪರೀಕ್ಷಿಸಲು ಲಂಡನ್ನಿನ ರಾಯಲ್ ಸೊಸೈಟಿ 1896ರಿಂದ 1898ರವರೆಗೆ ಇಲ್ಲಿಯೇ ಕೊರೆಸಿತು. ಸುಮಾರು 340 ಮೀಟರ್ ಇಳಿದರೂ ಸಿಕ್ಕಿದ್ದು ಹವಳದ ಸುಣ್ಣಕಲ್ಲೇ. ತೂತುತೂತಾದ ಆ ಕಲ್ಲಿನೊಳಗೆ ಕಡಲು ಸಲೀಸಾಗಿ ಓಡಾಡುತ್ತದೆ. ಇಂಗಿದ ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ಮಸೂರದಂತೆ ತೇಲುತ್ತದೆ: ಅದು ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ನಿಂತರೆ ಕೆಳಗೆ ನಲವತ್ತು ಮೀಟರ್ ಇಳಿಯಬೇಕೆಂಬುದು ಪುಸ್ತಕದ ಲೆಕ್ಕ, ಕಿರಿದಾದ ದ್ವೀಪಗಳಲ್ಲಿ ನಿಜವಾಗಿ ಸಿಗುವ ಪದರ ತೀರಾ ತೆಳು.

ನಮ್ಮ ಕೆಸುವಿನ ಬಳಗದ ಪುಲಾಕಾ ಎಂಬ ಗಡ್ಡೆಯ ಬೆಳೆ ನಿಂತಿರುವುದು ಈ ತೆಳು ಪದರದ ಮೇಲೆ. ಸಿಹಿನೀರು ಒಸರುವವರೆಗೆ ಗುಂಡಿ ತೋಡಿ, ಎಲೆಗೊಬ್ಬರ ತುಂಬಿ ಅದನ್ನು ಬೆಳೆಸುತ್ತಾರೆ. ಉಪ್ಪು ತಗುಲಿದರೆ ಗಡ್ಡೆ ಕೊಳೆಯುತ್ತದೆ.

1971ರಿಂದ 2014ರವರೆಗೆ ಆಕಾಶದಿಂದ ತೆಗೆದ ಚಿತ್ರಗಳನ್ನು ಹೋಲಿಸಿದ ಸಂಶೋಧಕರು ತುವಾಲುವಿನ ನೆಲ ಶೇ. 2.9ರಷ್ಟು ಹೆಚ್ಚಿದ್ದನ್ನು ಕಂಡರು. ಇದರಲ್ಲಿ ಸೋಜಿಗವೇನಿಲ್ಲ: 1972ರ ಬೆಬೆ ಚಂಡಮಾರುತ ಒಂದೇ ಹೊಡೆತಕ್ಕೆ ಫುನಾಫುಟಿಯ ಅಂಚಿನಲ್ಲಿ ಸುಮಾರು 19 ಕಿಲೋಮೀಟರ್ ಉದ್ದದ ಹವಳದ ಕಲ್ಲುರಾಶಿ ಒಡ್ಡಿತ್ತು. ಹಾಗೆಂದು ಏರುವ ಕಡಲಿನ ಆತಂಕವೇ ಸುಳ್ಳೆನ್ನುವವರು ವಿಸ್ತೀರ್ಣವನ್ನಷ್ಟೇ ಅಳೆಯುತ್ತಾರೆ, ಗುಂಡಿಯ ನೀರಿನ ರುಚಿಯನ್ನಲ್ಲ.

ಉಕ್ಕುವ ನೀರಿಗೆಲ್ಲ ಏರುವ ಕಡಲೊಂದೇ ಕಾರಣವೆಂಬ ಇನ್ನೊಂದು ತುದಿಯ ವಾದಕ್ಕೂ ಎಚ್ಚರಿಕೆ ಬೇಕು. ಈಗ ನೀರು ಉಕ್ಕುವ ನಡುಭಾಗ 1896ರಲ್ಲಿ ಜೌಗಾಗಿತ್ತು. ಎರಡನೇ ಮಹಾಯುದ್ಧದ ವೇಳೆ ಅಮೆರಿಕನ್ನರು ಅದನ್ನು ಹವಳದ ಪುಡಿಯಿಂದ ತುಂಬಿ ವಿಮಾನಪಟ್ಟಿ ಮಾಡಿದರು. 2011ರ ಬರದಲ್ಲಿ ಚಾವಣಿಯ ಮಳೆನೀರು ಹಿಡಿಯುವ ಟ್ಯಾಂಕುಗಳು ಬತ್ತಿ ತುರ್ತುಪರಿಸ್ಥಿತಿ ಘೋಷಣೆಯಾದಾಗ, ಕಡಲನೀರನ್ನು ಕುಡಿಯುವಂತೆ ಮಾಡುವ ಯಂತ್ರಗಳನ್ನು ಹೊತ್ತ ನ್ಯೂಜಿಲೆಂಡಿನ ವಿಮಾನ ಇಳಿದದ್ದು ಅದೇ ಪಟ್ಟಿಯ ಮೇಲೆ.