ಗ್ರಾಂನಿಂದ ಪರಮಾಣುವಿಗೆ ದಾರಿ ಮೋಲ್ ಮೂಲಕ

ಡಜನ್ ಅಂದರೆ 12 ಇದ್ದ ಹಾಗೆ, ಮೋಲ್ ಅಂದರೆ 6.022 × 10²³ ಕಣಗಳು. ಮೊದಲ ಪಿಯುಸಿಗೆ ಮೋಲ್ ಪಾಠ ಮಾಡುವ ದಿನ ಜೇಬಿನಲ್ಲಿ ಪ್ಯಾರಾಸಿಟಮಾಲ್ ಮಾತ್ರೆ ಇಟ್ಟುಕೊಂಡು ಹೋಗುತ್ತೇನೆ. ಸ್ಟ್ರಿಪ್ ಹಿಂದೆ 500 ಮಿ.ಗ್ರಾಂ ಎಂದು ಬರೆದಿರುತ್ತದೆ. ‘ಇಷ್ಟು ಔಷಧದಲ್ಲಿ ಎಷ್ಟು ಅಣು ಇದೆ, ಲೆಕ್ಕ ಹಾಕಿ’ ಅನ್ನುತ್ತೇನೆ. (ಮಾತ್ರೆಯನ್ನೇ ತೂಗಿದರೆ ಇನ್ನೂ ಜಾಸ್ತಿ ಬರುತ್ತದೆ, ಯಾಕಂದ್ರೆ ಅದರಲ್ಲಿ ಪಿಷ್ಟ, ಅಂಟು ಎಲ್ಲ ಸೇರಿರುತ್ತದೆ.)

ಒಂದು ಅಣುವಿನಲ್ಲಿ 8 ಇಂಗಾಲ, 9 ಹೈಡ್ರೋಜನ್, 1 ನೈಟ್ರೋಜನ್, 2 ಆಕ್ಸಿಜನ್ ಇವೆ. ಒಂದು ಮೋಲ್ ಪರಮಾಣುವಿನ ತೂಕ ಇಂಗಾಲಕ್ಕೆ 12 ಗ್ರಾಂ, ಹೈಡ್ರೋಜನ್‌ಗೆ 1, ನೈಟ್ರೋಜನ್‌ಗೆ 14, ಆಕ್ಸಿಜನ್‌ಗೆ 16. ಹಾಗಾಗಿ 96 + 9 + 14 + 32, ಒಟ್ಟು 151. ಅಂದರೆ ಒಂದು ಮೋಲ್ ಪ್ಯಾರಾಸಿಟಮಾಲ್ 151 ಗ್ರಾಂ ತೂಗುತ್ತದೆ. ಇಲ್ಲಿಯವರೆಗೆ ಎಲ್ಲರದ್ದೂ ಸರಿ ಇರುತ್ತದೆ. ಮುಂದಿನ ಸಾಲಿನಲ್ಲಿ ಅರ್ಧ ಕ್ಲಾಸು 500 ಅನ್ನು 151ರಿಂದ ಭಾಗಿಸಿ 3.3 ಮೋಲ್ ಎಂದು ಬರೆಯುತ್ತದೆ.

ನಾನು ತಪ್ಪು ಎನ್ನುವುದಿಲ್ಲ. ‘3.3 ಮೋಲ್ ಅಂದರೆ ಎಷ್ಟು ತೂಕ ಆಯ್ತು?’ ಎಂದು ಕೇಳುತ್ತೇನೆ. ಗುಣಿಸಿ ನೋಡುತ್ತಾರೆ. ಅರ್ಧ ಕೆ.ಜಿ.! ಮಾತ್ರೆ ನನ್ನ ಅಂಗೈಯಲ್ಲೇ ಇರುತ್ತದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ‘ಸರ್, ಮಿಲಿಗ್ರಾಂ!’ ಎಂಬ ಕೂಗು ಬರುತ್ತದೆ.

500 ಮಿ.ಗ್ರಾಂ ಅಂದರೆ 0.5 ಗ್ರಾಂ. 151ರಿಂದ ಭಾಗಿಸಿದರೆ 0.0033 ಮೋಲ್. ಅದನ್ನು 6.022 × 10²³ರಿಂದ ಗುಣಿಸಿದರೆ ಸುಮಾರು 2 × 10²¹ ಅಣುಗಳು. ಪರಮಾಣು ಎಷ್ಟು ಎಂದು ಕೇಳಿದರೆ ಇನ್ನೊಂದು ಹೆಜ್ಜೆ ಇದೆ. ಒಂದು ಅಣುವಿನಲ್ಲಿ 20 ಪರಮಾಣು, ಹಾಗಾಗಿ 4 × 10²². ಪರೀಕ್ಷೆಯಲ್ಲಿ ಅಂಕ ಹೋಗುವುದು ಈ ಎರಡು ಜಾಗದಲ್ಲೇ: ಮಿಲಿಗ್ರಾಂ ಅನ್ನು ಗ್ರಾಂ ಮಾಡದೆ ಬಿಡುವುದು, ಅಣು ಕೇಳಿದರೋ ಪರಮಾಣು ಕೇಳಿದರೋ ನೋಡದಿರುವುದು. ಮೋಲ್ ಕಷ್ಟ ಎಂದು ಮಕ್ಕಳು ಸುಮ್ನೆ ಹೆದರುತ್ತಾರೆ. ಪ್ರತಿ ಸಂಖ್ಯೆಯ ಪಕ್ಕ ಅದರ ಮಾನ ಬರೆದರೆ ಮುಕ್ಕಾಲು ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಹಾಸನದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರು ಅರಸೀಕೆರೆ ದಾಟಿಯೇ ಹೋಗಬೇಕು, ಅಲ್ವಾ? ಗ್ರಾಂ ಮತ್ತು ಪರಮಾಣುಗಳ ನಡುವೆ ಮೋಲ್ ಅಂಥ ಜಂಕ್ಷನ್. ಗ್ರಾಂ ಕಡೆಯಿಂದ ಬಂದರೆ ಮೋಲಾರ್ ರಾಶಿಯಿಂದ (ಒಂದು ಮೋಲ್‌ನ ತೂಕ) ಭಾಗಿಸಿ ಮೋಲ್ ತಲುಪಿ, ಅಲ್ಲಿಂದ ಅವೊಗಾಡ್ರೊ ಸಂಖ್ಯೆಯಿಂದ (ಅದೇ 6.022 × 10²³) ಗುಣಿಸಿ ಮುಂದೆ ಹೋಗಿ. ವಾಪಸ್ ಬರುವಾಗ ಎಲ್ಲ ಉಲ್ಟಾ.

ಆ ಸಂಖ್ಯೆಯ ಬಗ್ಗೆ ಒಂದು ಮಾತು. ಹಿಂದೆ 12 ಗ್ರಾಂ ಇಂಗಾಲ-12ರಲ್ಲಿ ಎಷ್ಟು ಪರಮಾಣು ಇವೆಯೋ ಅದನ್ನೇ ಮೋಲ್‌ನ ಅಳತೆ ಎನ್ನುತ್ತಿದ್ದರು. 2019ರ ಮೇ 20ರಿಂದ ಸಂಖ್ಯೆಯನ್ನೇ 6.02214076 × 10²³ ಎಂದು ಖಾಯಂ ಮಾಡಿದ್ದಾರೆ.

ಕೊನೆಗೆ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟು ಬರುತ್ತೇನೆ. ಒಂದು ಗ್ರಾಂ ಚಿನ್ನ, ಒಂದು ಗ್ರಾಂ ಅಲ್ಯೂಮಿನಿಯಂ, ಯಾವುದರಲ್ಲಿ ಪರಮಾಣು ಜಾಸ್ತಿ? ಹೆಚ್ಚಿನವರು ಚಿನ್ನ ಅನ್ನುತ್ತಾರೆ. ಚಿನ್ನದ ಒಂದು ಮೋಲ್ 197 ಗ್ರಾಂ, ಅಲ್ಯೂಮಿನಿಯಂನದು 27. ಮನೆಗೆ ಹೋಗಿ ಲೆಕ್ಕ ಹಾಕಿದವರು ಮರುದಿನ ಬಂದು ಅಲ್ಯೂಮಿನಿಯಂನಲ್ಲೇ ಏಳು ಪಟ್ಟು ಜಾಸ್ತಿ ಇದೆ ಎಂದು ಹೇಳುವಾಗ ಅವರ ಮುಖ ನೋಡಬೇಕು.