ಮೊಲದ ಕೊಟ್ಟಿಗೆ: ಪಂಜರಕ್ಕಿಂತ ಮೊದಲು ಗಾಳಿಯ ಲೆಕ್ಕ

ಹಿತ್ತಲಿನಲ್ಲೋ ಜಮೀನಿನ ಅಂಚಿನಲ್ಲೋ ಮೊಲಗಳಿಗಾಗಿ ಹೊಸ ಕೊಟ್ಟಿಗೆ ಕಟ್ಟಲು ಹೊರಟ ಕುಟುಂಬದವರು ನಕ್ಷೆ ತಂದು ಮುಂದಿಟ್ಟಾಗ, ಪಶುವೈದ್ಯನಾದ ನನ್ನನ್ನು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಇದರಲ್ಲಿ ಎಷ್ಟು ಪಂಜರ ಹಿಡಿಸಬಹುದು ಎಂಬುದು. ನಾನಾದರೋ ಆ ಹಾಳೆಯಲ್ಲಿ ಗಾಳಿ ಎಲ್ಲಿಂದ ಒಳಬರುತ್ತದೆ, ಎಲ್ಲಿಂದ ಹೊರಹೋಗುತ್ತದೆ ಎಂದು ಹುಡುಕುತ್ತೇನೆ. ಆ ದಾರಿ ಕಾಣದ ನಕ್ಷೆಯನ್ನು ಎಷ್ಟೇ ಅಂದವಾಗಿ ಬರೆದಿದ್ದರೂ ಹಿಂದಿರುಗಿಸುತ್ತೇನೆ. ಕಾಯಿಲೆಯ ಮೊಲಗಳನ್ನು ನೋಡಲು ಕರೆಬಂದ ಎಷ್ಟೋ ಕಡೆ, ಔಷಧಿಯ ಚೀಟಿ ಬರೆಯುವ ಮೊದಲು ಚಾವಣಿಯಲ್ಲೊಂದು ಕಿಂಡಿ ತೆರೆಸಬೇಕಾಗಿ ಬಂದಿದೆ.

ಅಂಥ ಕೊಟ್ಟಿಗೆಗೆ ಕಾಲಿಟ್ಟಾಗ ನಾನು ಮೊಲದ ಮುಂಗಾಲುಗಳನ್ನು ಮೊದಲು ಹಿಡಿದು ತಿರುಗಿಸಿ ನೋಡುತ್ತೇನೆ. ಮೂಗು ಸೋರುವ ಮೊಲ ಅದನ್ನು ಮುಂಗಾಲಿನ ಒಳಬದಿಯಿಂದ ಮತ್ತೆ ಮತ್ತೆ ಒರೆಸಿಕೊಳ್ಳುತ್ತದೆ. ಹಾಗಾಗಿ ಮೂಗು ಒಣಗಿ ಶುಭ್ರವಾಗಿ ಕಂಡರೂ ಆ ಭಾಗದ ರೋಮ ಅಂಟಿಕೊಂಡು, ಒಣಗಿ, ಎಳೆಎಳೆಯಾಗಿ ಗಂಟುಗಟ್ಟಿರುತ್ತದೆ. ಇದಕ್ಕೆ ಬಹಳಷ್ಟು ಸಲ ಕಾರಣವಾಗುವ ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ ಆರೋಗ್ಯವಾಗಿ ಕಾಣುವ ಅನೇಕ ಮೊಲಗಳ ಮೂಗಿನಲ್ಲಿಯೂ ತೊಂದರೆ ಕೊಡದೆ ಇರುತ್ತದೆ. ಮೂತ್ರದಿಂದ ಏಳುವ ಅಮೋನಿಯಾ ಶ್ವಾಸನಾಳದ ಒಳಪದರವನ್ನು ಕೆರಳಿಸಿ ದುರ್ಬಲಗೊಳಿಸಿದಾಗ ಅದಕ್ಕೆ ಒಳನುಗ್ಗಲು ದಾರಿಯಾಗುತ್ತದೆ. ಮೊಲವು ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಮೂಗು ಕಟ್ಟಿದರೆ ಬಾಯಿಯಿಂದ ಉಸಿರಾಡಿ ನಿಭಾಯಿಸುವ ಅನುಕೂಲ ನಮಗಿರುವಂತೆ ಅದಕ್ಕಿಲ್ಲ.

ಅಮೋನಿಯಾ ಅತಿ ದಟ್ಟವಾಗಿರುವುದು ಗೊಬ್ಬರದ ಮೇಲ್ಮೈಗೆ ಹತ್ತಿರದಲ್ಲಿ, ಎಂದರೆ ಪಂಜರದ ಮಟ್ಟದಲ್ಲಿ. ನಮ್ಮ ಮೂಗು ಇರುವುದು ಅದಕ್ಕಿಂತ ಮೇಲೆ. ಸಾಲದ್ದಕ್ಕೆ ದಿನವೂ ಅಲ್ಲೇ ದುಡಿಯುವವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಒಂದು ಮನೆಯಲ್ಲಿ ಹಿರಿಯರೆಲ್ಲರೂ ಕೊಟ್ಟಿಗೆಯಲ್ಲಿ ವಾಸನೆಯೇ ಇಲ್ಲವೆಂದು ನಂಬಿದ್ದರು. ಕೆಳಸಾಲಿನ ಬಟ್ಟಲುಗಳಿಗೆ ಮೇವು ತುಂಬುತ್ತಿದ್ದ ಎಂಟೊಂಬತ್ತು ವರ್ಷದ ಮಗಳು ಮಾತ್ರ ಕಣ್ಣುರಿ ಎಂದು ದಿನವೂ ಹೇಳುತ್ತಿದ್ದಳು. ನಾನು ಆಕೆಯ ಪಕ್ಕದಲ್ಲಿ ಮಂಡಿಯೂರಿ ಕುಳಿತು ಎರಡು ನಿಮಿಷ ಕಳೆಯುವಷ್ಟರಲ್ಲಿ ನನ್ನ ಕಣ್ಣಲ್ಲೂ ನೀರು ಬಂತು. ಚಳಿಗೆ ಮೊಲಗಳು ನಡುಗಬಾರದೆಂಬ ಕಾಳಜಿಯಿಂದಲೇ ಅವರು ಚಾವಣಿಯ ಸಂದುಗಳನ್ನೆಲ್ಲ ಪ್ಲಾಸ್ಟಿಕ್ಕಿನಿಂದ ಮುಚ್ಚಿದ್ದರು. ಅಮೋನಿಯಾ ಹತ್ತು ಲಕ್ಷ ಭಾಗ ಗಾಳಿಯಲ್ಲಿ 10 ಭಾಗಕ್ಕಿಂತ ಕಡಿಮೆ ಇರುವುದು ಕ್ಷೇಮ. 25 ಭಾಗ ದಾಟಿದರೆ ಶ್ವಾಸಾಂಗಕ್ಕೆ ಹಾನಿ ಖಂಡಿತ. ಅಳೆಯುವ ಸಾಧನವಿಲ್ಲದವರು ರಾತ್ರಿಯೆಲ್ಲ ಮುಚ್ಚಿದ್ದ ಕೊಟ್ಟಿಗೆಯ ಬಾಗಿಲನ್ನು ಬೆಳಿಗ್ಗೆ ತೆರೆದು, ಕೂಡಲೇ ಪಂಜರದ ಎತ್ತರಕ್ಕೆ ಬಾಗಿ ಒಂದು ದೀರ್ಘ ಉಸಿರು ಎಳೆದುಕೊಂಡು ನೋಡಬೇಕು. ಮೂಗಿಗೆ ಘಾಟು ತಗುಲಿದರೆ ಮೊಲಗಳು ರಾತ್ರಿಯಿಡೀ ಅದನ್ನೇ ಕುಡಿದಿವೆ ಎಂದರ್ಥ.

ಬೆಚ್ಚಗಿನ, ತೇವಭರಿತ ಗಾಳಿ ಮೇಲಕ್ಕೇರುತ್ತದೆ. ಆದ್ದರಿಂದ ಎರಡು ಇಳಿಜಾರುಗಳು ಕೂಡುವ ಚಾವಣಿಯ ನೆತ್ತಿಯಲ್ಲಿ, ಕಟ್ಟಡದ ಉದ್ದಕ್ಕೂ ತೆರಪು ಬಿಟ್ಟು, ಮಳೆ ಒಳಗೆ ಬೀಳದಂತೆ ಅದರ ಮೇಲೊಂದು ಟೋಪಿಯಂಥ ಹೊದಿಕೆ ಕೂರಿಸಬೇಕು. ಒಳಬರುವ ಗಾಳಿಗೆ ಸೂರಿನ ಕೆಳಗೆ ಎರಡೂ ಬದಿಯಲ್ಲಿ ದಾರಿ ಬೇಕು. ಪಕ್ಕದ ಗೋಡೆಗಳ ಮೇಲ್ಭಾಗಕ್ಕೆ ಜಾಲರಿ ಹಾಕಿ ಅದಕ್ಕೆ ಪರದೆ ಕಟ್ಟುವವರಿಗೆ ನನ್ನದೊಂದು ಒತ್ತಾಯವಿದೆ: ಪರದೆ ಮೇಲಿನಿಂದ ಕೆಳಕ್ಕೆ ತೆರೆಯುವಂತಿರಲಿ. ಕೆಳಗಿನಿಂದ ಮೇಲಕ್ಕೆ ಸುತ್ತುವ ಪರದೆಯನ್ನು ಒಂದು ಗೇಣು ಎತ್ತಿದರೂ ತಣ್ಣನೆಯ ಗಾಳಿ ನೇರವಾಗಿ ಮೊಲದ ಮೈಗೆ ಹೊಡೆಯುತ್ತದೆ, ಆಗ ಮನೆಯವರು ಹೆದರಿ ಪೂರ್ತಿ ಇಳಿಸಿಬಿಡುತ್ತಾರೆ. ಒಣಗಿದ ಜಾಗವಿದ್ದು ನೇರ ಗಾಳಿಯ ಹೊಡೆತ ತಪ್ಪಿದರೆ ವಯಸ್ಕ ಮೊಲ ಚಳಿಯನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ.

ಅದು ತಡೆಯಲಾರದ್ದು ಸೆಖೆಯನ್ನು. ಮೊಲಕ್ಕೆ ಹಿತವಾದ ಉಷ್ಣಾಂಶ ಸುಮಾರು 15ರಿಂದ 20 ಡಿಗ್ರಿ ಸೆಲ್ಸಿಯಸ್. ಬೆವರಿ ತಣಿಯುವ ಶಕ್ತಿ ಅದಕ್ಕಿಲ್ಲ. ಮೈಯ ಬಿಸಿಯನ್ನು ಬಹುಪಾಲು ಉಸಿರಾಟದಿಂದಲೂ ಕಿವಿಗಳ ರಕ್ತನಾಳಗಳ ಮೂಲಕವೂ ಹೊರಹಾಕುತ್ತದೆ. 30 ಡಿಗ್ರಿ ದಾಟಿದ ದಿನಗಳಲ್ಲಿ ಅದು ಮೇವು ಕಡಿಮೆ ಮಾಡುತ್ತದೆ, ಗಂಡು ಮೊಲಗಳ ವೀರ್ಯದ ಗುಣಮಟ್ಟ ಕುಸಿಯುತ್ತದೆ. ವೀರ್ಯಾಣು ರೂಪುಗೊಳ್ಳಲು ಸುಮಾರು ಏಳು ವಾರ ಬೇಕಾಗುವುದರಿಂದ ಬಿಸಿಲ ದಿನಗಳು ಮುಗಿದು ತಂಪಾದ ಮೇಲೂ ಗರ್ಭ ನಿಲ್ಲದೆ ಹೋಗಬಹುದು. ಆಗ ತಪ್ಪನ್ನೆಲ್ಲ ಹೆಣ್ಣು ಮೊಲಗಳ ಮೇಲೆ ಹೊರಿಸಿ ಅವುಗಳನ್ನು ಮಂದೆಯಿಂದ ತೆಗೆದುಹಾಕಿದ್ದನ್ನು ಕಂಡು ನಾನು ಮರುಗಿದ್ದೇನೆ. ಕಟ್ಟಡದ ಉದ್ದ ಪೂರ್ವ–ಪಶ್ಚಿಮವಾಗಿದ್ದರೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಉದ್ದನೆಯ ಗೋಡೆಗಳಿಗೆ ಹೊಡೆಯುವುದು ತಪ್ಪುತ್ತದೆ. ತಗಡಿನ ಚಾವಣಿಯಾದರೆ ಅದರ ಕೆಳಗೆ ಶಾಖ ತಡೆಯುವ ಪದರ ಬೇಕೇ ಬೇಕು, ಇಲ್ಲವಾದರೆ ಅದೇ ತಗಡು ಹಗಲು ಕಾದ ಹಂಚಾಗಿ, ಚಳಿಯ ರಾತ್ರಿ ಹನಿಗಟ್ಟಿ ಪಂಜರಗಳ ಮೇಲೆ ತೊಟ್ಟಿಕ್ಕುತ್ತದೆ.

ಇನ್ನು ನೆಲ. ಅಮೋನಿಯಾ ಹುಟ್ಟುವುದೇ ಇಲ್ಲಿ ಎಂಬುದರಿಂದ ಮಿಕ್ಕ ಖರ್ಚುಗಳನ್ನು ಹಿಡಿತದಲ್ಲಿಟ್ಟಾದರೂ ನೆಲವನ್ನು ಸರಿಯಾಗಿ ಮಾಡಿಸಬೇಕೆಂಬುದು ನನ್ನ ಅಭಿಪ್ರಾಯ. ಹಿಕ್ಕೆಯೂ ಮೂತ್ರವೂ ಒಂದೇ ಕಡೆ ಬಿದ್ದು ನೆನೆದಾಗ ಬ್ಯಾಕ್ಟೀರಿಯಾಗಳು ಅದರಲ್ಲಿನ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂತ್ರ ಬೇಗ ಹರಿದುಹೋದರೆ ಆ ಕ್ರಿಯೆ ಅಷ್ಟರಮಟ್ಟಿಗೆ ತಗ್ಗುತ್ತದೆ. ನೀರು ಇಂಗುವ ನೆಲವಾದರೆ ಪಂಜರದ ಸಾಲಿನ ಕೆಳಗೆ ಉದ್ದಕ್ಕೂ ಗುಂಡಿ ತೋಡಿ ಜಲ್ಲಿ ತುಂಬಿಸಬಹುದು. ಜೇಡಿ ಮಣ್ಣಾದರೆ ಕಾಂಕ್ರೀಟ್ ಹಾಕಿ, ಹೊರಗಿನ ಕಾಲುವೆಯ ಕಡೆಗೆ ಪ್ರತಿ ಮೀಟರಿಗೆ ಎರಡು ಸೆಂಟಿಮೀಟರಿನಷ್ಟು ಇಳಿಜಾರು ಕೊಡಬೇಕು. ಪಂಜರಗಳು ಒಂದೇ ಅಂತಸ್ತಿನಲ್ಲಿರಲಿ, ಒಂದರ ಮೇಲೊಂದು ಪೇರಿಸಿದರೆ ಕೆಳಗಿನವಕ್ಕೆ ಗಾಳಿಯೂ ಬೆಳಕೂ ಇಲ್ಲದೆ ಮೇಲಿನವುಗಳ ಹೊಲಸು ಮಾತ್ರ ದಕ್ಕುತ್ತದೆ. ಓಡಾಟದ ದಾರಿಯ ಅಗಲವನ್ನು, ಗೊಬ್ಬರ ಸಾಗಿಸುವ ಕೈಗಾಡಿಯನ್ನು ಜಾಗಕ್ಕೆ ತಂದು, ಹಿಡಿಗಳ ಮೇಲೆ ಕೈಯಿಟ್ಟು ತಿರುಗಿಸಿ ನೋಡಿಯೇ ಗುರುತು ಹಾಕಿ. ಗಾಡಿ ತಿರುಗದ ಕೊಟ್ಟಿಗೆಯಲ್ಲಿ ಗೊಬ್ಬರ ಎತ್ತುವ ಕೆಲಸ ನಾಳೆಗೆ ಮುಂದೂಡುತ್ತಲೇ ಹೋಗುತ್ತದೆ. ಎತ್ತಿದ ಹಿಕ್ಕೆಯನ್ನು ಕೊಳೆಸದೆಯೇ ಗಿಡಗಳ ಬುಡಕ್ಕೆ ಹಾಕಬಹುದೆಂಬುದು ಮನೆತನದ ಜಮೀನಿಗೆ ಒಳ್ಳೆಯ ಲಾಭ.

ಪಂಜರದ ತಳಕ್ಕೆ 12 × 25 ಮಿಲಿಮೀಟರ್ ಕಣ್ಣಿನ, 14 ಗೇಜಿನ, ಬೆಸುಗೆ ಹಾಕಿದ ಮೇಲೆ ಸತುವಿನ ಲೇಪ ಕೊಟ್ಟ ಜಾಲರಿ ಬಳಸುವುದು ರೂಢಿ. ಅದರ ಒಂದು ಮೂಲೆಯಲ್ಲಿ ಮೊಲ ಮೈಚಾಚಿ ಮಲಗುವಷ್ಟು ಹಲಗೆ ಅಥವಾ ರಂಧ್ರವಿರುವ ಪ್ಲಾಸ್ಟಿಕ್ ಚಾಪೆ ಇರಲೇಬೇಕು, ಏಕೆಂದರೆ ಭಾರದ ಮೊಲಗಳ ಹಿಂಗಾಲಿನ ಅಂಗಾಲು ಜಾಲರಿಯ ಮೇಲೆ ಉಜ್ಜಿ ಹುಣ್ಣಾದರೆ ಅದು ಮಾಯುವುದು ಬಹಳ ಕಷ್ಟ. ನಾಲ್ಕೈದು ಕಿಲೋ ತೂಗುವ ತಾಯಿ ಮೊಲಕ್ಕೆ ನಾನು ಹೇಳುವ ಅಳತೆ 75 × 90 ಸೆಂಟಿಮೀಟರಿಗಿಂತ ಕಡಿಮೆಯಾಗಬಾರದು, ಎತ್ತರ ಅದು ಕಿವಿ ನಿಮಿರಿಸಿ ಕೂರುವಷ್ಟಿರಬೇಕು. ಗರ್ಭದ ಅವಧಿ ಸುಮಾರು 31 ದಿನ. 28ನೆಯ ದಿನ ಮರಿ ಹಾಕುವ ಪೆಟ್ಟಿಗೆಯನ್ನು ಒಳಗಿಟ್ಟ ಮೇಲೂ ತಾಯಿಗೆ ತಿರುಗಾಡಲು ಜಾಗ ಉಳಿಯಬೇಕು. ಪಕ್ಕದ ಜಾಲರಿಯ ಕೆಳಗಿನ 10 ಸೆಂಟಿಮೀಟರಿಗೆ ಸಣ್ಣ ಕಣ್ಣಿನದನ್ನು ಹಾಕಿದರೆ ಪೆಟ್ಟಿಗೆಯಿಂದ ಹೊರಬಿದ್ದ, ರೋಮ ಬಾರದ ಮರಿ ನೆಲಕ್ಕೆ ಜಾರುವುದಿಲ್ಲ.

ಹೆದರಿಕೆಯೂ ಮೊಲವನ್ನು ಕೊಲ್ಲುತ್ತದೆ ಎಂಬುದು ಕಟ್ಟುವವರ ಗಮನದಲ್ಲಿರಬೇಕು. ನಾಯಿ ಜಾಲರಿಗೆ ಮೂತಿ ಇಟ್ಟು ಬೊಗಳಿದಷ್ಟಕ್ಕೇ ಮೊಲ ಹಿಂಗಾಲನ್ನು ಬಲವಾಗಿ ಝಾಡಿಸಿ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವುದುಂಟು. ಸುತ್ತಲೂ ಜಾಲರಿಯನ್ನು 30 ಸೆಂಟಿಮೀಟರ್ ಆಳಕ್ಕೆ ಹೂಳುವುದು, ಒಂದರ ಹಿಂದೊಂದು ಎರಡು ಬಾಗಿಲುಗಳಿರುವುದು, ಬಾಗಿಲುಗಳ ನಡುವಿನ ಜಾಗದಲ್ಲಿ ಕೊಟ್ಟಿಗೆಗೆಂದೇ ಮೀಸಲಾದ ಚಪ್ಪಲಿಗಳಿರುವುದು, ಇವು ಮೂರೂ ಪ್ರಾಣಿಗಳಿಂದಲೂ ರೋಗಗಳಿಂದಲೂ ರಕ್ಷಣೆ ಕೊಡುತ್ತವೆ. 1984ರಲ್ಲಿ ಚೀನಾದಲ್ಲಿ ಮೊದಲು ಗುರುತಿಸಲಾದ ರಕ್ತಸ್ರಾವದ ವೈರಸ್ ರೋಗವೂ 2010ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ಅದರ ಹೊಸ ಬಗೆಯೂ ಬಟ್ಟೆ, ಪಾದರಕ್ಷೆ, ನೊಣಗಳ ಮೂಲಕವೂ ಹರಡಬಲ್ಲವು. ಮಿಕ್ಸೊಮಾಟೋಸಿಸ್ ಎಂಬ, ಮೊಲಗಳ ಇನ್ನೊಂದು ವೈರಸ್ ರೋಗ ಇರುವ ಪ್ರದೇಶಗಳಲ್ಲಿ ಅದನ್ನು ಸೊಳ್ಳೆಗಳೂ ಚಿಗಟಗಳೂ ಹೊತ್ತು ತರುತ್ತವೆ. ಆದ್ದರಿಂದ ತೆರಪುಗಳಿಗೆಲ್ಲ ಸೊಳ್ಳೆಪರದೆ ಹೊಡೆಸುವುದು ದಂಡದ ಖರ್ಚಲ್ಲ. ಹೊಸದಾಗಿ ತಂದ ಮೊಲವನ್ನು ಒಂದು ತಿಂಗಳು ಬೇರೆಯೇ ಸೂರಿನಡಿ ಇಟ್ಟು, ಅದರ ಆರೈಕೆಯನ್ನು ದಿನದ ಕೊನೆಗೆ ಮಾಡಬೇಕು. ಅದಕ್ಕೊಂದು ಸಣ್ಣ ಗೂಡನ್ನು ನಕ್ಷೆಯಲ್ಲೇ ಸೇರಿಸಿ.

ಕಟ್ಟಡ ಮುಗಿದ ಕೂಡಲೇ ಮೊಲಗಳನ್ನು ತುಂಬಬೇಡಿ. ಬಣ್ಣದ ವಾಸನೆ ಆರುವಷ್ಟು ದಿನ ಖಾಲಿ ಬಿಟ್ಟು, ಪಂಜರದ ಎತ್ತರಕ್ಕೆ ಗರಿಷ್ಠ–ಕನಿಷ್ಠ ಉಷ್ಣಾಂಶ ತೋರಿಸುವ ಮಾಪಕವನ್ನು ತೂಗುಹಾಕಿ, ಮಧ್ಯಾಹ್ನದ ಮತ್ತು ನಸುಕಿನ ಅಂಕಿಗಳನ್ನು ಬರೆದಿಡಿ. ನೀರಿನ ನಿಪ್ಪಲ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿ, ತೊಟ್ಟಿಕ್ಕುವ ಒಂದು ನಿಪ್ಪಲ್ ಇಡೀ ಗುಂಡಿಯನ್ನು ಕೆಸರು ಮಾಡಬಲ್ಲದು. ಆಮೇಲೆ ಗರ್ಭ ಧರಿಸದ ಎರಡು ಮೂರು ವಯಸ್ಕ ಮೊಲಗಳನ್ನು ಮಾತ್ರ ಒಳಗೆ ಬಿಡಿ. ಒಂದು ವಾರ ಅವು ಎಂದಿನಂತೆ ಮೇವು ತಿಂದು, ಮುಂಗಾಲಿನ ರೋಮ ಒಣಗಿಯೇ ಇದ್ದರೆ, ಮರಿ ಹಾಕಲಿರುವ ತಾಯಿ ಮೊಲಗಳನ್ನು ಕೊನೆಗೆ ಉಳಿಸಿಕೊಂಡು ಮಿಕ್ಕವನ್ನು ಸಂಜೆಯ ತಂಪು ಹೊತ್ತಿನಲ್ಲಿ ಸಾಗಿಸಬಹುದು.