ಹಂಟಾವೈರಸ್: ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಸಿಕ್ಕ ಹಳೇ ಗುರುತು

ಇಲಿಯಿಂದ ಕಿಡ್ನಿಗೆ ತೊಂದರೆ ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್. ಅದು ಬ್ಯಾಕ್ಟೀರಿಯಾದ ಕೆಲಸ. ಇಲಿಯ ಮೂತ್ರ, ಹಿಕ್ಕೆ ಒಣಗಿ ಧೂಳಾದಾಗ ಉಸಿರಿನ ಜೊತೆ ಒಳಗೆ ಹೋಗುವ ಹಂಟಾವೈರಸ್‌ನ ಕತೆ ಬೇರೆ.

ಅದು ದೊಡ್ಡದಾಗಿ ಕಾಣಿಸಿಕೊಂಡಿದ್ದು ಕೊರಿಯಾ ಯುದ್ಧದಲ್ಲಿ. 1951ರಿಂದ 1953ರ ನಡುವೆ ವಿಶ್ವಸಂಸ್ಥೆ ಪಡೆಯ 3,000ಕ್ಕೂ ಹೆಚ್ಚು ಸೈನಿಕರಿಗೆ ಜ್ವರ, ರಕ್ತಸ್ರಾವ ಶುರುವಾಗಿ ಕಿಡ್ನಿ ಕೈಕೊಟ್ಟಿತು. ಕಾರಣ ಸಿಕ್ಕಿದ್ದು ಎಷ್ಟೋ ವರ್ಷ ಆದ ಮೇಲೆ: 1976ರಲ್ಲಿ ಕೊರಿಯಾದ ಲೀ ಹೋ ವಾಂಗ್ ಹೊಲದ ಇಲಿಯ ಶ್ವಾಸಕೋಶದಲ್ಲಿ ಅದರ ಸುಳಿವು ಹಿಡಿದರು. ಹೆಸರು ಬಂದಿದ್ದು ಅಲ್ಲಿನ ಹಂಟಾನ್ ನದಿಯಿಂದ. ತಮಾಷೆ ಅಂದ್ರೆ, ಇದೇ ಕುಟುಂಬದ ಒಂದು ವೈರಸ್ 1964ರಲ್ಲೇ ನಮ್ಮ ಪಕ್ಕದ ವೆಲ್ಲೂರಿನ ತೊಟ್ಟಪಾಳ್ಯಂನಲ್ಲಿ ಸುಂಡಿಲಿಯೊಂದರಲ್ಲಿ ಸಿಕ್ಕಿತ್ತು, ಅದು ಏನು ಅಂತ ಆಗ ಯಾರಿಗೂ ಗೊತ್ತಾಗಲಿಲ್ಲ.

ಈ ಕಾಯಿಲೆಯಲ್ಲಿ ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ, ಆದರೆ ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳ ಮಟ್ಟಿಗೆ. ಬದುಕುಳಿದವರ ಕಿಡ್ನಿ ಬಹುತೇಕ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಜೀವನಪೂರ್ತಿ ಡಯಾಲಿಸಿಸ್‌ಗೂ ಇದಕ್ಕೂ ಸಂಬಂಧ ಇರಬಹುದು ಅಂತ ತುಂಬಾ ಕಾಲ ಯಾರೂ ಅಷ್ಟಾಗಿ ಯೋಚಿಸಲಿಲ್ಲ.

ಆ ಅನುಮಾನ ಜೋರಾಗಿದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಆ ಊರಿನ ಬೀದಿ ಇಲಿಗಳಲ್ಲಿ ಹಂಟಾವೈರಸ್‌ನದೇ ಒಂದು ಬಗೆಯಾದ ಸಿಯೋಲ್ ವೈರಸ್ ಇತ್ತು. 1993ರಲ್ಲಿ ಗ್ರೆಗರಿ ಗ್ಲಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ವೈರಸ್ ತಗುಲಿದ ಗುರುತು ಅಂದರೆ ಪ್ರತಿಕಾಯ, ಸಾಮಾನ್ಯ ಜನರಿಗಿಂತ ಡಯಾಲಿಸಿಸ್ ರೋಗಿಗಳಲ್ಲಿ ಜಾಸ್ತಿ ಕಂಡಿತು. ಅದರಲ್ಲೂ ಬಿಪಿಯಿಂದ ಕಿಡ್ನಿ ಕೆಟ್ಟಿದೆ ಅಂತ ಹೇಳಿಸಿಕೊಂಡವರ ಜೊತೆ ನಂಟು ಎದ್ದು ಕಂಡಿತು.

ಹಾಗಾದ್ರೆ ವೈರಸ್ಸೇ ಕಾರಣವಾ? ನನಗೆ ಅಷ್ಟು ಸುಲಭ ಅನಿಸುವುದಿಲ್ಲ. ಪ್ರತಿಕಾಯ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ, ಯಾವಾಗ ತಗುಲಿತು ಅಂತ ಅದು ಹೇಳುವುದಿಲ್ಲ. ಇಲಿ ಜಾಸ್ತಿ ಇರುವುದು ಬಡವರ ಬೀದಿಗಳಲ್ಲಿ. ಬಿಪಿಗೆ ಸರಿಯಾದ ಚಿಕಿತ್ಸೆ ಸಿಗದೆ ಕಿಡ್ನಿ ಕಳೆದುಕೊಳ್ಳುವವರೂ ಅಲ್ಲೇ ಜಾಸ್ತಿ, ಅಲ್ವಾ? ಎರಡೂ ಒಂದೇ ಮನೆಯಲ್ಲಿವೆ ಅಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಹೆತ್ತಿದೆ ಅಂತಲ್ಲ. ಶ್ರೀಲಂಕಾದಲ್ಲಿ ಕಾರಣ ಗೊತ್ತಿಲ್ಲದೆ ಕಿಡ್ನಿ ಕೆಟ್ಟ ರೈತರಲ್ಲೂ ಇಂಥದ್ದೇ ಪ್ರತಿಕಾಯ ಜಾಸ್ತಿ ಸಿಕ್ಕಿದೆ, ವಾದ ಅಲ್ಲೂ ಮುಗಿದಿಲ್ಲ.

ಕಗ್ಗಂಟು ಬಿಡಬೇಕಾದರೆ ಜ್ವರ ಬಂದಾಗಲೇ ಪರೀಕ್ಷೆ ಮಾಡಿ, ಆಮೇಲೆ ವರ್ಷಗಟ್ಟಲೆ ಅವರ ಬಿಪಿ, ಕಿಡ್ನಿ ನೋಡುತ್ತಾ ಹೋಗಬೇಕು. ಡಯಾಲಿಸಿಸ್ ಕುರ್ಚಿಗೆ ಬಂದು ಕೂತವರನ್ನು, ಹತ್ತು ವರ್ಷದ ಹಿಂದೆ ಬಂದಿದ್ದ ಜ್ವರ ಯಾವುದು ಅಂತ ಕೇಳಿದರೆ ಅವರಾದರೂ ಏನು ಹೇಳಿಯಾರು?